ಕಾಳು ನೋಡಿದ ಕ್ಯಾಮೆರಾ ಬೆನ್ನನ್ನೂ ನೋಡಲಿ

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕೊಡಗಿನ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಡೆ ಹೋದರೆ ಒಣ ಕಾಫಿ ಸಿಪ್ಪೆಯ ವಾಸನೆ ಮೂಗಿಗೆ ಬಡಿಯುತ್ತದೆ. ತೋಟದ ಕಣಗಳಲ್ಲಿ ಒಣಗಿದ ಚೆರಿ (ಇಡೀ ಹಣ್ಣು), ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಳು) ಲಾರಿಗಳಲ್ಲಿ ಬಂದು ಇಲ್ಲಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಅಂದರೆ ಕಾಫಿ ಹಸನು ಮಾಡುವ ಕಾರ್ಖಾನೆಗಳಲ್ಲಿ ಇಳಿಯುತ್ತವೆ. ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಗಾತ್ರ, ಆಕಾರ ನೋಡಿ ಎಎ, ಎ, ಬಿ, ಪೀಬೆರಿ (ಒಂಟಿ ಗುಂಡು ಕಾಳು) ಎಂದು ಬೇರೆ ಮಾಡಿ, ಕಪ್ಪು ಕಾಳು, ಹುಳ ಹೊಡೆದ ಕಾಳು, ಒಡೆದ ಕಾಳು ಆರಿಸಿ ತೆಗೆದು ಮತ್ತೆ ಚೀಲಕ್ಕೆ ತುಂಬುತ್ತಾರೆ.

ನನ್ನ ಚಿಕ್ಕಮ್ಮ ಅಂಥ ಒಂದು ವರ್ಕ್ಸ್‌ನಲ್ಲಿ ಹದಿನಾಲ್ಕು ವರ್ಷ ಕಾಳು ಆರಿಸಿದವರು. ಗಾರ್ಬ್ಲಿಂಗ್ ಎಂದು ಆ ಕೆಲಸಕ್ಕೆ ಹೆಸರು. ಸಾಲಾಗಿ ಕೂತ ಹೆಂಗಸರು, ಮುಂದೆ ಕಾಳಿನ ರಾಶಿ, ತಗ್ಗಿದ ತಲೆ, ಓಡುವ ಬೆರಳು. ಕೆಲಸ ಬಿಟ್ಟು ವರ್ಷಗಳಾದರೂ ಅವರ ಕುತ್ತಿಗೆ ಸೆಳೆತ ಬಿಟ್ಟಿಲ್ಲ. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ. ಅವರ ಜೊತೆ ಮೂಟೆ ಹೊರುತ್ತಿದ್ದವರಲ್ಲಿ ಸೊಂಟ ನೋವಿಲ್ಲದವರನ್ನು ನಾನು ಕಂಡಿಲ್ಲ.

ಆಮೇಲೆ ಆ ವರ್ಕ್ಸ್‌ಗೆ ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರ ಬಂತು. ಜಾರುದಾರಿಯಲ್ಲಿ ಉದುರುವ ಒಂದೊಂದು ಕಾಳನ್ನೂ ಕ್ಯಾಮೆರಾ ನೋಡುತ್ತದೆ. ಕಪ್ಪಾಗಿದ್ದರೆ ಗಾಳಿಯ ಒಂದು ಚಿಮ್ಮು ಅದನ್ನು ಬದಿಗೆ ತಳ್ಳುತ್ತದೆ. ಅಷ್ಟು ಚಿಕ್ಕ ಕಾಳಿನ ಮೇಲಿನ ಕಲೆಯನ್ನು ಕಂಡುಹಿಡಿಯಬಲ್ಲ ಕ್ಯಾಮೆರಾ ಬಂದು ಎಷ್ಟೋ ವರ್ಷವಾಯಿತು. ಆ ಕಾಳನ್ನು ಹೊತ್ತವರ ಬೆನ್ನಿನ ಮೇಲೆ ಏನಾಗುತ್ತಿದೆ ಎಂದು ನೋಡಬಲ್ಲ ಕ್ಯಾಮೆರಾ ಈಗ ಬಂದಿದೆ. ಅದು ನಮ್ಮ ಕೊಡಗಿನ ಕೆಲಸದ ಜಾಗಗಳಿಗೂ ಬರಲಿ ಎಂಬುದು ನನ್ನ ಆಸೆ. ಹೇಗೆ ಬರಬೇಕು ಎಂಬ ಬಗ್ಗೆ ಒಂದಿಷ್ಟು ಆತಂಕವೂ ಇದೆ.

ಮೊದಲು ಬೆನ್ನಿನ ವಿಚಾರ. ಹಾರೆ ಹಾಕಿ ಕಲ್ಲು ಮೀಟಿದವರಿಗೆ ಇದು ಬೇಗ ಹೊಳೆಯುತ್ತದೆ. ಹಾರೆಯ ಉದ್ದದ ತುದಿಯಲ್ಲಿ ಸ್ವಲ್ಪ ಒತ್ತಿದರೆ ಗಿಡ್ಡ ತುದಿಯಲ್ಲಿ ದೊಡ್ಡ ಕಲ್ಲು ಏಳುತ್ತದೆ. ನಮ್ಮ ಸೊಂಟದಲ್ಲಿ ಈ ಲೆಕ್ಕ ತಲೆಕೆಳಗು. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಯ ನಡುವಿಂದ ಸುಮಾರು 5 ಸೆಂ.ಮೀ. ಹಿಂದಿವೆ. ಕೈಯಲ್ಲಿ ಹಿಡಿದ ಮೂಟೆ 40 ಸೆಂ.ಮೀ. ಮುಂದಿರುತ್ತದೆ. ಅಂದರೆ ಗಿಡ್ಡ ತುದಿ ಸ್ನಾಯುವಿನ ಪಾಲಿಗೆ, ಉದ್ದ ತುದಿ ಮೂಟೆಯ ಪಾಲಿಗೆ. 50 ಕೆಜಿ ಮೂಟೆಯನ್ನು ಇಬ್ಬರು ಸೇರಿ ಎತ್ತಿದರೂ ತಲಾ 25 ಕೆಜಿ. ಅದನ್ನು ಸರಿದೂಗಿಸಲು ಸ್ನಾಯು ಎಂಟು ಪಟ್ಟು, ಅಂದರೆ 200 ಕೆಜಿ ತೂಕದಷ್ಟು ಬಲದಿಂದ ಎಳೆಯಬೇಕು. ಬಾಗಿದ ಮೈಯ ಭಾರ ಇದರ ಮೇಲೆ ಬೇರೆ. ಈ ಎಳೆತವೆಲ್ಲ ಬೆನ್ನುಮೂಳೆಯ ನಡುವಿನ ಮೆತ್ತನೆಯ ಬಿಲ್ಲೆಗಳನ್ನು ಹಿಂಡುತ್ತದೆ. ಒಂದು ದಿನಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹತ್ತು ವರ್ಷ ದಿನವೂ ಹಾಗೇ ಆದರೆ ಆಗುತ್ತದೆ.

ಕಾಳು ಆರಿಸುವವರಲ್ಲಿ ಭಾರವಿಲ್ಲ, ಆದರೆ ಬಿಡುವೂ ಇಲ್ಲ. ನಾಲ್ಕೈದು ಕೆಜಿ ತೂಗುವ ತಲೆ ನೇರವಾಗಿದ್ದರೆ ಮೂಳೆಯ ಮೇಲೆ ಕೂತಿರುತ್ತದೆ, ತಗ್ಗಿದರೆ ಕುತ್ತಿಗೆಯ ಹಿಂದಿನ ಸ್ನಾಯುಗಳಿಗೆ ಜೋತು ಬೀಳುತ್ತದೆ. ಒಂದೇ ಭಂಗಿಯಲ್ಲಿ ಬಿಗಿದುಕೊಂಡ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಸಂಜೆಯ ಸೆಳೆತ ಹುಟ್ಟುವುದು ಅಲ್ಲಿ.

ಇದು ಹೊಸ ಅರಿವಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಜಿನಿ 1700ರಲ್ಲೇ ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆದು, ಅಸಹಜ ಭಂಗಿ ಮತ್ತು ಬಿರುಸಾದ, ಅಡ್ಡಾದಿಡ್ಡಿ ಚಲನೆಗಳೇ ಎಷ್ಟೋ ನೋವಿಗೆ ಮೂಲ ಎಂದಿದ್ದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನ ಸೊಂಟ ನೋವಿನಿಂದ ಬಳಲುತ್ತಿದ್ದರು. ಆದರೂ ಕಾರ್ಖಾನೆಯ ಅಪಘಾತದ ರಿಜಿಸ್ಟರಿನಲ್ಲಿ ಬೆರಳು ತುಂಡಾದದ್ದಕ್ಕೆ ಸಿಗುವ ಸಾಲು ಸೊಂಟ ಹಿಡಿದದ್ದಕ್ಕೆ ಸಿಗುವುದು ಕಡಿಮೆ. ಬೆರಳು ತುಂಡಾದ ದಿನಕ್ಕೆ ತಾರೀಖಿದೆ. ಸೊಂಟ ಕೆಟ್ಟದ್ದಕ್ಕೆ ಯಾವ ತಾರೀಖು ಬರೆಯುವುದು?

ತಾರೀಖು ಇಲ್ಲದ್ದನ್ನು ಅಳೆಯಲು ತಜ್ಞರು ಭಂಗಿಗಳಿಗೆ ಅಂಕ ಕೊಡುವ ದಾರಿ ಹುಡುಕಿದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮ್ಯಾಕ್‌ಅಟಾಮ್ನಿ ಮತ್ತು ಕಾರ್ಲೆಟ್ 1993ರಲ್ಲಿ ಪ್ರಕಟಿಸಿದ ‘ರೂಲಾ’ ಎಂಬ ಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಕುತ್ತಿಗೆ 10 ಡಿಗ್ರಿಯೊಳಗೆ ಬಾಗಿದ್ದರೆ 1 ಅಂಕ, 20 ಡಿಗ್ರಿ ದಾಟಿದರೆ 3. ತೋಳು 90 ಡಿಗ್ರಿಗಿಂತ ಮೇಲೆ ಹೋದರೆ 4. ಅದೇ ಭಂಗಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಂತರೆ ಇನ್ನೊಂದು ಅಂಕ. ಎಲ್ಲ ಕೂಡಿ ಕೊನೆಗೆ 1ರಿಂದ 7ರ ನಡುವೆ ಒಂದು ಸಂಖ್ಯೆ; 7 ಬಂದರೆ ಆ ಕೆಲಸದ ರೀತಿಯನ್ನು ತಕ್ಷಣ ಬದಲಾಯಿಸಬೇಕು ಎಂದರ್ಥ.

ಪಟ್ಟಿ ಚೆನ್ನಾಗಿದೆ, ಆದರೆ ಅದನ್ನು ತುಂಬಲು ತಜ್ಞರೊಬ್ಬರು ಪಕ್ಕದಲ್ಲಿ ನಿಂತು ಕಣ್ಣಳತೆಯಲ್ಲಿ ಕೋನ ಗುರುತಿಸಬೇಕು. ದಿನವಿಡೀ ಅದಾಗದು, ಎದ್ದು ಕಾಣುವ ನಾಲ್ಕಾರು ಗಳಿಗೆ ಆರಿಸಿಕೊಂಡು ಅಂಕ ಹಾಕುತ್ತಾರೆ. ಎಂಟು ಗಂಟೆಯ ಒಂದು ಶಿಫ್ಟನ್ನು ಸೆಕೆಂಡಿಗೆ 30 ಚೌಕಟ್ಟಿನಂತೆ ವಿಡಿಯೊ ಮಾಡಿದರೆ 8,64,000 ಚಿತ್ರಗಳಾಗುತ್ತವೆ. ಅಷ್ಟನ್ನೂ ಬೇಸರವಿಲ್ಲದೆ ನೋಡುವ ಕೆಲಸಕ್ಕೆ ಎಐ, ಅಂದರೆ ಕೃತಕ ಬುದ್ಧಿಮತ್ತೆ ಬೇಕಾಗಿದ್ದು.

ಅದು ನೋಡುವ ಬಗೆ ಹೀಗೆ. ಲಕ್ಷಾಂತರ ಫೋಟೊಗಳಲ್ಲಿ ಮನುಷ್ಯರೇ ಕೂತು ಹೆಗಲು ಇಲ್ಲಿ, ಮೊಣಕೈ ಇಲ್ಲಿ, ಸೊಂಟ ಇಲ್ಲಿ ಎಂದು ಚುಕ್ಕೆ ಇಟ್ಟಿರುತ್ತಾರೆ. ‘ಕೋಕೊ’ ಎಂಬ ಹೆಸರಾಂತ ಸಂಗ್ರಹದಲ್ಲಿ ಒಬ್ಬ ವ್ಯಕ್ತಿಗೆ 17 ಚುಕ್ಕೆ. ಈ ಚಿತ್ರಗಳನ್ನು ತೋರಿಸಿ ತೋರಿಸಿ ಪಳಗಿಸಿದ ಕಂಪ್ಯೂಟರ್ ಜಾಲ, ಹಿಂದೆಂದೂ ನೋಡದ ಚಿತ್ರದಲ್ಲೂ ಮೊಣಕೈ ಎಲ್ಲಿರಬಹುದು ಎಂದು ಊಹಿಸಲು ಕಲಿಯುತ್ತದೆ. 2017ರ ಹೊತ್ತಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಓಪನ್‌ಪೋಸ್’ ಒಂದೇ ಚಿತ್ರದಲ್ಲಿ ಹಲವರ ಕೈಕಾಲುಗಳನ್ನು ಗೊಂದಲವಿಲ್ಲದೆ ಜೋಡಿಸಿತು. 2020ರಲ್ಲಿ ಗೂಗಲ್‌ನವರು 33 ಚುಕ್ಕೆಗಳ ಮಾದರಿಯೊಂದನ್ನು ಮೊಬೈಲಿನಲ್ಲೇ ಓಡುವಂತೆ ಮಾಡಿದರು. ಚುಕ್ಕೆ ಸಿಕ್ಕ ಮೇಲಿನದು ಹೈಸ್ಕೂಲಿನ ರೇಖಾಗಣಿತ. ಹೆಗಲು, ಮೊಣಕೈ, ಮಣಿಕಟ್ಟು ಮೂರೂ ಗೊತ್ತಾದರೆ ನಡುವಿನ ಕೋನ ಗೊತ್ತು. ಕೋನ ಗೊತ್ತಾದರೆ ರೂಲಾದ ಅಂಕ ಗೊತ್ತು. ಶಿಫ್ಟಿನ ಕೊನೆಗೆ ‘ಕುತ್ತಿಗೆ 20 ಡಿಗ್ರಿಗಿಂತ ಹೆಚ್ಚು ಬಾಗಿದ್ದು ಇಷ್ಟು ನಿಮಿಷ, ಸೊಂಟ 60 ಡಿಗ್ರಿ ದಾಟಿದ್ದು ಇಷ್ಟು ಸಲ’ ಎಂಬ ಲೆಕ್ಕ ಕೈಗೆ ಬರುತ್ತದೆ.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಚಿಕ್ಕಮ್ಮನ ಮಗ ಇದನ್ನು ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಚಿಕ್ಕಮ್ಮ ಜಗುಲಿಯಲ್ಲಿ ಮೊರದಲ್ಲಿ ಅಕ್ಕಿ ಆರಿಸುವುದನ್ನು ಬದಿಯಿಂದ ವಿಡಿಯೊ ಮಾಡಿದೆವು. ತೆರೆಯ ಮೇಲೆ ಅವರ ತಲೆ, ಹೆಗಲು, ತೋಳಿನ ಗೆರೆಗಳು ಮೂಡಿದಾಗ ನನಗೆ ಮೈ ಜುಮ್ಮೆಂದಿತು. ಅರಿವಿಲ್ಲದೆ ಅವರು ತಲೆಯನ್ನು ಎಷ್ಟು ಮುಂದೆ ಚಾಚುತ್ತಾರೆಂದು ಅಷ್ಟು ವರ್ಷ ನೋಡಿಯೂ ನಾನು ನೋಡಿರಲಿಲ್ಲ.

ಕೊರತೆಗಳೂ ಅಲ್ಲೇ ಕಂಡವು. ಚಕ್ಕಳಮಕ್ಕಳ ಹಾಕಿ ಕೂತ ಅವರ ಮೊಣಕಾಲು ಸೀರೆಯೊಳಗೆ ಎಲ್ಲಿದೆ ಎಂದು ತಿಳಿಯದೆ ಚುಕ್ಕೆ ಎಡಕ್ಕೂ ಬಲಕ್ಕೂ ಹಾರಾಡಿತು. ಪಳಗಿಸಿದ ಫೋಟೊಗಳಲ್ಲಿ ಇಲ್ಲದ್ದನ್ನು ಯಂತ್ರ ಚೆನ್ನಾಗಿ ಕಾಣಲಾರದು. 17 ಚುಕ್ಕೆಗಳ ಮಾದರಿಯಲ್ಲಿ ಬೆರಳೇ ಇಲ್ಲ. ಗಾರ್ಬ್ಲಿಂಗ್‌ನಲ್ಲಿ ಹೆಚ್ಚು ದುಡಿಯುವುದೇ ಬೆರಳು. ಹೆಗಲಿಂದ ಸೊಂಟಕ್ಕೆ ಒಂದೇ ಗೆರೆ ಎಳೆಯುವುದರಿಂದ ಬೆನ್ನು ನೆಟ್ಟಗಿದೆಯೋ ಬಿಲ್ಲಿನಂತೆ ಬಾಗಿದೆಯೋ ಗೊತ್ತಾಗುವುದಿಲ್ಲ. ಗೋಡೌನಿನ ಮಬ್ಬು ಬೆಳಕು, ಧೂಳು, ಎದೆಗೆ ಅಡ್ಡ ಬರುವ ಮೂಟೆ ಬೇರೆ. ಖಾಲಿ ಗೋಣಿಗೂ ತುಂಬಿದ ಗೋಣಿಗೂ ತೂಕದ ವ್ಯತ್ಯಾಸ ಕ್ಯಾಮೆರಾಗೆ ತಿಳಿಯದು, ಯಾರಾದರೂ ಹೇಳಬೇಕು.

“ಅಲ್ಲ ಮಗ, ಇದಕ್ಕೆ ನೋವು ಕಾಣ್ತದಾ?” ಎಂದು ಚಿಕ್ಕಮ್ಮ ಕೇಳಿದರು. ಕಾಣುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ಹಾಗಾಗಿ ಕ್ಯಾಮೆರಾದ ಲೆಕ್ಕದ ಪಕ್ಕದಲ್ಲಿ ‘ಎಲ್ಲಿ ನೋಯುತ್ತದೆ, ಯಾವ ಹೊತ್ತಿಗೆ ಶುರುವಾಗುತ್ತದೆ’ ಎಂದು ಕೆಲಸದವರನ್ನೇ ಕೇಳಿ ಬರೆದುಕೊಂಡ ಹಾಳೆಯೂ ಇರಬೇಕು.

ಮೂಟೆಯ ಲೆಕ್ಕವನ್ನು ಇಲ್ಲಿ ಪೂರ್ತಿ ಮಾಡಿಯೇ ತೋರಿಸಬೇಕು, ಏಕೆಂದರೆ ನನ್ನ ಮನಸ್ಸು ಬದಲಿಸಿದ್ದು ಅದೇ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಷ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರವೊಂದಿದೆ. ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಭಾರ 23 ಕೆಜಿ ಎಂದು ಅದು ಶುರುಮಾಡುತ್ತದೆ. ಅನುಕೂಲ ತಪ್ಪಿದಂತೆಲ್ಲ ಕಳೆಯುತ್ತಾ ಹೋಗುತ್ತದೆ. ಮೂಟೆ ಮೈಯಿಂದ 40 ಸೆಂ.ಮೀ. ದೂರವಿದ್ದರೆ 23 ಕೆಜಿ 14.4ಕ್ಕೆ ಇಳಿಯುತ್ತದೆ. ಕೈ ನೆಲದಿಂದ 15 ಸೆಂ.ಮೀ. ಎತ್ತರದಲ್ಲಿದ್ದರೆ 11.8. ಅಲ್ಲಿಂದ ಒಂದು ಮೀಟರ್ ಮೇಲೆತ್ತಬೇಕಾದರೆ 10.2. ಎತ್ತುವಾಗ 45 ಡಿಗ್ರಿ ತಿರುಗಬೇಕಾದರೆ 8.7 ಕೆಜಿ. ನಿಮಿಷಕ್ಕೆ ಎಷ್ಟು ಸಲ, ಹಿಡಿತ ಹೇಗೆ ಎಂಬುದನ್ನು ಇನ್ನೂ ಸೇರಿಸಿಲ್ಲ. ಕೈ, ಸೊಂಟ, ತಿರುವು, ಎತ್ತರ ಈ ಅಂಕಿಗಳನ್ನೆಲ್ಲ ವಿಡಿಯೊದಿಂದ ತಾನೇ ಹೆಕ್ಕುವುದು ಎಐಗೆ ಸಾಧ್ಯ.

ನಮ್ಮಲ್ಲಿ ಕಾಫಿಗೆ ದರ ಹೇಳುವುದೇ 50 ಕೆಜಿ ಚೀಲಕ್ಕೆ. ಆ ಚೀಲವನ್ನು ಸೊಂಟದ ಎತ್ತರದಲ್ಲಿ, ಮೈಗೆ ಒತ್ತಿ, ತಿರುಗದೆ, ಅತ್ಯಂತ ಸರಿಯಾದ ಭಂಗಿಯಲ್ಲಿ ಒಬ್ಬರೇ ಎತ್ತಿದರೂ ಅದು 23ರ ಎರಡು ಪಟ್ಟಿಗಿಂತ ಹೆಚ್ಚು. ‘ಮಂಡಿ ಬಗ್ಗಿಸಿ ಎತ್ತಿ, ಬೆನ್ನು ಬಗ್ಗಿಸಬೇಡಿ’ ಎಂದು ಗೋಡೆಗೆ ಪೋಸ್ಟರ್ ಅಂಟಿಸಿದರೆ ಸಾಕೆಂದು ನಾನೂ ನಂಬಿದ್ದೆ. ಸಾಲದು. ಬದಲಾಗಬೇಕಾದ್ದು ಮೂಟೆಯ ದಾರಿ: ಲಾರಿಯ ಮಟ್ಟಕ್ಕೆ ಕಟ್ಟಿದ ಜಗಲಿ, ತಳ್ಳುಗಾಡಿ, ಏರುವ ಬೆಲ್ಟು, ಎದೆಯ ಮಟ್ಟಕ್ಕೇ ನಿಲ್ಲುವ ಮೂಟೆಗಳ ರಾಶಿ. ಹೊರುವವರ ಕೈಗೆ ಬರುವ ಚೀಲಗಳನ್ನಾದರೂ ಚಿಕ್ಕದಾಗಿಸುವುದು.

ನನ್ನ ಆತಂಕ ಇರುವುದೂ ಇಲ್ಲೇ. ಅದೇ ವಿಡಿಯೊ, ಅದೇ ಲೆಕ್ಕ ‘ನೀನು ತಪ್ಪಾಗಿ ಬಾಗಿದೆ, ನಿನ್ನದೇ ತಪ್ಪು’ ಎನ್ನಲೂ ಬರುತ್ತದೆ. ‘ನಿನ್ನ ಕೈ ನಿಮಿಷಕ್ಕೆ ಇಷ್ಟೇ ಸಲ ಆಡಿತು’ ಎಂದು ಕೂಲಿ ಹಿಡಿಯಲೂ ಬರುತ್ತದೆ. ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ 1911ರಲ್ಲಿ ಎರಕದ ಕೆಲಸಗಾರರ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಂತಾಗ ಅವರು ಕೆಲಸ ಬಿಟ್ಟು ಹೊರನಡೆದರು. ಆ ಜಗಳ ಸಂಸತ್ತಿನವರೆಗೆ ಹೋಗಿ, 1915ರಲ್ಲಿ ಸೇನೆಯ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಅಳತೆಯನ್ನೇ ನಿಲ್ಲಿಸಬೇಕಾಯಿತು. ಕ್ಯಾಮೆರಾ ಬರುವ ಮೊದಲು ಆ ಕೆಲಸಗಾರರನ್ನು ನೆನೆಯಬೇಕು. ಮುಖ ಮಸುಕು ಮಾಡಿ, ಗೆರೆಗಳ ಅಸ್ಥಿಪಂಜರವನ್ನಷ್ಟೇ ಉಳಿಸಿ, ಮೂಲ ವಿಡಿಯೊವನ್ನು ಅಳಿಸಿಹಾಕಲು ತಾಂತ್ರಿಕವಾಗಿ ಯಾವ ಕಷ್ಟವೂ ಇಲ್ಲ. ಅಂಕವನ್ನು ಆಳಿನ ಹೆಸರಿಗೆ ಬರೆಯದೆ ಜಾಗದ ಹೆಸರಿಗೆ ಬರೆಯುವುದೂ ಸುಲಭ: ‘ಮೂರನೇ ಮೇಜಿಗೆ 6, ಲಾರಿ ಇಳಿಸುವ ಬಾಗಿಲಿಗೆ 7’ ಎಂದು. ಹಾಗೆ ಬರೆದರೆ ಮೇಜು ಬದಲಾಗುತ್ತದೆ, ಆಳು ಬದಲಾಗುವುದಿಲ್ಲ. ಲೆಕ್ಕವನ್ನು ಮಾಲೀಕರಿಗೆ ತೋರಿಸುವ ದಿನವೇ ಕೆಲಸದವರಿಗೂ ತೋರಿಸಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಇದಕ್ಕೆ ದೊಡ್ಡ ಬಂಡವಾಳವೂ ಬೇಡ. ಒಂದು ಮೊಬೈಲು, ಒಂದು ಮುಕ್ಕಾಲಿ, ಬದಿಯಿಂದ ಹದಿನೈದು ನಿಮಿಷದ ವಿಡಿಯೊ, ಆಮೇಲೆ ಒಂದೇ ಒಂದು ಬದಲಾವಣೆ, ಮತ್ತೆ ಹದಿನೈದು ನಿಮಿಷ. ನಾವು ಜಗುಲಿಯಲ್ಲಿ ಹಾಗೇ ಮಾಡಿದೆವು. ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಮೊರವನ್ನು ಊಟದ ಮೇಜಿನ ಮೇಲಿಟ್ಟು, ಅದರ ಹಿಂದಿನ ಅಂಚಿಗೆ ಒಂದು ಮರದ ತುಂಡು ಕೊಟ್ಟು ಅವರ ಕಡೆಗೆ ಓರೆ ಮಾಡಿದೆವು. ತೆರೆಯಲ್ಲಿ ಕುತ್ತಿಗೆಯ ಗೆರೆ ಕಣ್ಣಿಗೆ ಕಾಣುವಷ್ಟು ನೆಟ್ಟಗಾಯಿತು.

ಚಿಕ್ಕಮ್ಮ ಆ ಓರೆಯನ್ನು ಮುಟ್ಟಿ ನೋಡಿ, ತಾವೂ ಆಗ ಎರಡು ಗೋಣಿ ಮಡಚಿ ಕೆಳಗೆ ಹಾಕಿಕೊಂಡು ಎತ್ತರ ಮಾಡಿಕೊಳ್ಳುತ್ತಿದ್ದೆವು ಎಂದರು. ಸೂಪರ್‌ವೈಸರು ಸಾಲು ಒಂದೇ ಸಮ ಇರಬೇಕೆಂದು ಅದನ್ನು ತೆಗೆಸುತ್ತಿದ್ದರಂತೆ.