ನೀಲಿ ಪಟ್ಟೆಯದೋ, ನೀಲಿ ಚುಕ್ಕೆಯದೋ?

ಮಳೆ ಹಿಂದಾಗಿ ಬಿಸಿಲು ಬಿತ್ತು ಅಂದ್ರೆ ನನ್ನ ಫೋನಿನ ತುಂಬ ಹುಳಗಳ ಚಿತ್ರ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದವರು ಕಳಿಸುತ್ತಾರೆ. 'ಇದು ಯಾವ ಜೇನು?' ಅನ್ನುವುದು ಪ್ರಶ್ನೆ. ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ ಇವನ್ನೆಲ್ಲ ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೊಂದಲ ಆಗುವುದು ತುಪ್ಪ ಕೊಡದ, ಒಂಟಿಯಾಗಿ ಗೂಡು ಮಾಡುವ ಕಾಡುಜೇನುಗಳಲ್ಲಿ.

ಒಮ್ಮೆ ಶಿರಸಿ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಕೊಟ್ಟಿಗೆಯ ಹಿಂದೆ ಹಳೆಯ ಮಣ್ಣಿನ ಗೋಡೆ. ಅದರ ತುಂಬ ಕಿರುಬೆರಳು ಹೋಗುವಷ್ಟು ತೂತುಗಳು. ಮನೆಯ ಹಿರಿಯ ಹೆಂಗಸು ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು. 'ತಮಾ, ಒಂದು ಮಣ್ಣು ತೆಗೀತು, ಇನ್ನೊಂದು ಸುಮ್ನೆ ಸುತ್ತ ಹಾಕ್ತು. ಎರಡೂ ಒಂದೇ ಜಾತಿಯಾ?' ಎಂದು ಕೇಳಿದರು. ಅರ್ಧ ಉತ್ತರ ಅವರ ಪ್ರಶ್ನೆಯಲ್ಲೇ ಇತ್ತು.

ಮಣ್ಣು ತೆಗೆಯುತ್ತಿದ್ದದ್ದು ಅಮೆಗಿಲ್ಲಾ ಎಂಬ ಕುಲದ, ಅಂದ್ರೆ ಹತ್ತಿರದ ಜಾತಿಗಳ ಗುಂಪಿನ, ಜೇನು. ಸುತ್ತ ಹಾಕುತ್ತಿದ್ದದ್ದು ಥೈರಿಯಸ್. ಎರಡೂ ಒಂದೇ ದೊಡ್ಡ ಕುಟುಂಬದವು. ಗಾತ್ರ ಹೆಚ್ಚುಕಡಿಮೆ ಒಂದೇ, ಕಪ್ಪು ಮೈಯ ಮೇಲೆ ಹೊಳೆಯುವ ನೀಲಿ ಎರಡಕ್ಕೂ ಇದೆ. ಆದರೆ ಅಮೆಗಿಲ್ಲಾ ತೂತು ಕೊರೆದು, ಪರಾಗ ಮತ್ತು ಮಕರಂದದ ಬುತ್ತಿ ಇಟ್ಟು, ಮೊಟ್ಟೆ ಇಡುತ್ತದೆ. ಥೈರಿಯಸ್ ಗೂಡು ಕಟ್ಟುವುದೇ ಇಲ್ಲ, ಅಮೆಗಿಲ್ಲಾದ ಗೂಡಿಗೆ ನುಗ್ಗಿ ತನ್ನ ಮೊಟ್ಟೆ ಇಟ್ಟು ಹೋಗುತ್ತದೆ. ಅದರ ಮರಿಹುಳು ಮನೆಯ ಮರಿಯನ್ನು ಮುಗಿಸಿ, ಬುತ್ತಿಯನ್ನು ತಾನು ತಿಂದು ಬೆಳೆಯುತ್ತದೆ.

ಈ ಬದುಕಿನ ವ್ಯತ್ಯಾಸ ಮೈಮೇಲೆ ಕಾಣುತ್ತದೆ. ಅಮೆಗಿಲ್ಲಾದ ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳು ಅಡ್ಡಕ್ಕೆ ಈ ಬದಿಯಿಂದ ಆ ಬದಿಗೆ ಎಳೆದ ಹಾಗೆ ಇರುತ್ತವೆ. ಥೈರಿಯಸ್‌ನಲ್ಲಿ ಅವು ತುಂಡು ತುಂಡು, ಚುಕ್ಕೆಗಳ ಜೋಡಿ. ಅಮೆಗಿಲ್ಲಾದ ಎದೆಯ ಮೇಲೆ ಕಂದು ರೋಮ ದಟ್ಟವಾಗಿರುತ್ತದೆ. ಥೈರಿಯಸ್‌ಗೆ ರೋಮ ಕಡಿಮೆ, ಮೈಯೆಲ್ಲ ಗುಳಿಗುಳಿಯಾದ ಗಟ್ಟಿ ಚಿಪ್ಪು. ಇನ್ನೊಬ್ಬರ ಮನೆಗೆ ನುಗ್ಗುವುದಕ್ಕೆ ಅಂಥ ಕವಚ ಬೇಕಲ್ವಾ! ಹತ್ತು ಪಟ್ಟಿನ ಭೂತಗನ್ನಡಿ ಹಿಡಿದರೆ ಎದೆಯ ಹಿಂಬದಿಯಲ್ಲಿ ಒಂದು ಚಪ್ಪಟೆ ತಟ್ಟೆ ಹೊಟ್ಟೆಯ ಕಡೆಗೆ ಚಾಚಿರುವುದು ಕಾಣುತ್ತದೆ. ಅದರ ಅಂಚಿನ ನಡುವೆ ಕಚ್ಚು ಬಿದ್ದಿರುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಈ ತಟ್ಟೆಯ ಮೇಲೆ.

ಹಿಂಗಾಲೂ ಹೇಳುತ್ತದೆ. ಅಮೆಗಿಲ್ಲಾ ಹೆಣ್ಣಿನ ಹಿಂಗಾಲಿನಲ್ಲಿ ಪರಾಗ ಹೊರುವ ದಟ್ಟ ಬ್ರಷ್ ಇರುತ್ತದೆ. ಥೈರಿಯಸ್‌ಗೆ ಇಲ್ಲ, ಪರಾಗ ಹೊರುವ ಕೆಲಸವೇ ಇಲ್ಲವಲ್ಲ. ಆದರೆ ಬ್ರಷ್ ಇಲ್ಲ ಅಂದ ಕೂಡಲೇ ಕಳ್ಳಜೇನು ಅನ್ನಬೇಡಿ. ಅಮೆಗಿಲ್ಲಾದ ಗಂಡಿಗೂ ಅದು ಇರುವುದಿಲ್ಲ. ಮೊದಮೊದಲು ನಾನೂ ಇಲ್ಲೇ ತಪ್ಪಿದ್ದೇನೆ. ಅನುಮಾನ ಬಂದರೆ ಮೀಸೆಯ ಗೆಣ್ಣು ಎಣಿಸಿ: ಹೆಣ್ಣಿಗೆ 12, ಗಂಡಿಗೆ 13.

ಎಲೆ ಕತ್ತರಿಸುವ ಜೇನಿಗೂ ಇಂಥದೇ ಒಂದು ಕಳ್ಳ ನೆಂಟ ಇದೆ. ಗುಲಾಬಿ ಎಲೆಯಲ್ಲಿ ನಾಣ್ಯ ಕತ್ತರಿಸಿದ ಹಾಗೆ ಗುಂಡಗೆ ತುಂಡು ತೆಗೆಯುತ್ತದಲ್ಲ, ಆ ಮೆಗಾಕೈಲ್ ಪರಾಗವನ್ನು ಹೊಟ್ಟೆಯ ಅಡಿಯಲ್ಲಿ ಹೊರುತ್ತದೆ. ಅದರ ಗೂಡಿಗೆ ನುಗ್ಗುವ ಸೀಲಿಯಾಕ್ಸಿಸ್ ಹೆಣ್ಣಿನ ಹೊಟ್ಟೆ ಹಿಂದಕ್ಕೆ ಚೂಪಾಗಿರುತ್ತದೆ.

ಬಣ್ಣ ಮಾತ್ರ ನಂಬುವ ಹಾಗಿಲ್ಲ. ಒಂಟಿ ಜೇನಿಗೆ ವಯಸ್ಸಾದರೆ ರೋಮ ಸವೆದು, ಬಿಸಿಲಿಗೆ ಮಾಸುತ್ತದೆ. ಒಣಕಟ್ಟಿಗೆ ಕೊರೆಯುವ ದುಂಬಿಗಳಲ್ಲಂತೂ ಇನ್ನೊಂದು ಪೇಚು. ಕೆಲವು ಜಾತಿಗಳಲ್ಲಿ ಹೆಣ್ಣು ಕಪ್ಪು, ಎದೆ ಮಾತ್ರ ಹಳದಿ. ಗಂಡು ಇಡೀ ಮೈ ಹಳದಿ. ಒಂದೇ ಜಾತಿಯನ್ನು ಎರಡು ಎಂದು ಬರೆದುಕೊಳ್ಳುವುದು ಸುಲಭ.

ಕುಲ ತಿಳಿದರೂ ಜಾತಿ ತಿಳಿದಂತಲ್ಲ. ಜೀವಿವಿಜ್ಞಾನಿ ಲಿನೇಯಸ್ 1758ರಲ್ಲಿ ಹೆಸರಿಟ್ಟ ಅಮೆಗಿಲ್ಲಾ ಝೋನಾಟಾಕ್ಕೆ ಅದನ್ನೇ ಹೋಲುವ ಸೋದರ ಜಾತಿಗಳಿವೆ. ಮುಖದ ಮೇಲಿನ ಹಳದಿ ಗುರುತು, ಎದೆಯ ರೋಮದ ಬಣ್ಣ, ಕೊನೆಗೆ ಗಂಡಿನ ಹೊಟ್ಟೆಯ ಒಳಗೆ ಅಡಗಿರುವ ಭಾಗ, ಇಷ್ಟನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಬೇಕಾಗುತ್ತದೆ. ಅದಕ್ಕೇ ಬೆನ್ನಿನ ಒಂದೇ ಫೋಟೊ ಬಂದರೆ ನಾನು 'ಅಮೆಗಿಲ್ಲಾ' ಎಂದಷ್ಟೇ ಬರೆದು ನಿಲ್ಲಿಸುತ್ತೇನೆ. ಪೂರ್ತಿ ಹೆಸರು ಬರೆಯುವ ಆಸೆಗೆ ತಪ್ಪು ಹೆಸರು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮುಖ, ಹಿಂಗಾಲು, ಪಕ್ಕದಿಂದ ಹೊಟ್ಟೆ, ಈ ಮೂರೂ ಕಳಿಸಿ.

ಆ ಮನೆಯವರು ಕೊನೆಗೆ ಕೇಳಿದ್ದು, ಕಳ್ಳಜೇನನ್ನು ಹೊಡೆಯಬೇಕಾ ಎಂದು. ಬೇಡ ಅಂದೆ. ಕದಿಯಲು ಸಾಕಷ್ಟು ಗೂಡು ಇದ್ದರೇ ಅದು ಅಲ್ಲಿ ಉಳಿಯುವುದು. ಅವರ ಹಿತ್ತಲಿನ ಬದನೆ ಹೂವನ್ನು ಗುಂಯ್‌ಗುಡುತ್ತ ಅದುರಿಸಿ ಪರಾಗ ಉದುರಿಸುತ್ತಿದ್ದದ್ದು ಇದೇ ಅಮೆಗಿಲ್ಲಾ. ತುಡುವೆಗೆ ಆ ಕೆಲಸ ಬರುವುದಿಲ್ಲ. ಗೋಡೆಗೆ ಸಿಮೆಂಟು ಬಳಿಯಬೇಡಿ ಎಂದು ಮಾತ್ರ ಕೇಳಿಕೊಂಡೆ.

ಹತ್ತಿರದಿಂದ ನೋಡುವ ಆಸೆಯಿದ್ದರೆ ಸಂಜೆ ಕತ್ತಲಾಗುವ ಹೊತ್ತಿಗೆ ಹಿತ್ತಲಿನ ಒಣಕಡ್ಡಿಗಳನ್ನು ಹುಡುಕಿ. ಅಮೆಗಿಲ್ಲಾದ ಗಂಡುಗಳು ದವಡೆಯಿಂದ ಕಡ್ಡಿ ಕಚ್ಚಿಕೊಂಡು ಸಾಲಾಗಿ ನಿದ್ದೆ ಮಾಡುತ್ತವೆ. ಥೈರಿಯಸ್ ಕೂಡ ಹಾಗೇ ಕಚ್ಚಿ ಮಲಗುತ್ತದೆ. ಆಗ ಯಾವುದೂ ಹಾರುವುದಿಲ್ಲ, ನಿಧಾನಕ್ಕೆ ಟಾರ್ಚ್ ಹಿಡಿದು ಪಟ್ಟೆಯೋ ಚುಕ್ಕೆಯೋ ನೋಡಬಹುದು.