ಟರ್ಮಿನಲ್‌ನಿಂದ ಲಿಬ್‌ಪರ್ಪಲ್ ನಿಭಾಯಿಸುವುದು

ಅಮೆರಿಕ ಆನ್‌ಲೈನ್ ಕಂಪನಿಯ ಚಾಟ್ ಸೇವೆಯನ್ನು ಲಿನಕ್ಸ್‌ನಲ್ಲಿಯೂ ಬಳಸಲು ಅನುವಾಗುವಂತೆ ಮಾರ್ಕ್ ಸ್ಪೆನ್ಸರ್ 1998ರಲ್ಲಿ ಬರೆದ ತಂತ್ರಾಂಶವು, ಟ್ರೇಡ್‌ಮಾರ್ಕ್ ತಕರಾರು ಬಗೆಹರಿದ ಮೇಲೆ, 2007ರಲ್ಲಿ ಪಿಡ್ಜಿನ್ ಎಂಬ ಹೊಸ ಹೆಸರು ಪಡೆಯಿತು. ಸರ್ವರ್‌ಗೆ ಲಾಗಿನ್ ಆಗುವುದು, ಸಂದೇಶ ಕಳಿಸುವುದು, ಗೆಳೆಯರ ಪಟ್ಟಿಯನ್ನು ಕಾಪಾಡುವುದು ಇವೆಲ್ಲ ಲಿಬ್‌ಪರ್ಪಲ್ ಎಂಬ ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್ ಸಂಗ್ರಹದ) ಪಾಲಿಗೆ ಬಂದರೆ, ವಿಂಡೋ ಮತ್ತು ಬಟನ್‌ಗಳಷ್ಟೇ ಪಿಡ್ಜಿನ್‌ನ ಪಾಲಿಗೆ ಉಳಿದವು. ಮ್ಯಾಕ್‌ನ ಏಡಿಯಮ್ ಮತ್ತು ಬರೀ ಅಕ್ಷರಗಳ ಪರದೆಯಲ್ಲಿ ನಡೆಯುವ ಫಿಂಚ್ ಕೂಡ ಇದೇ ಲೈಬ್ರರಿಯನ್ನು ಬಳಸುತ್ತವೆ. ನೋಟ ಮತ್ತು ಕೆಲಸವನ್ನು ಹೀಗೆ ಬೇರ್ಪಡಿಸಿದ್ದರಿಂದಲೇ ಮೌಸ್ ಮುಟ್ಟದೆ, ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ನಿಂದ ಲೈಬ್ರರಿಯನ್ನು ನಡೆಸುವ ದಾರಿ ತೆರೆದುಕೊಂಡಿತು.

ಆ ದಾರಿಯ ಹೆಸರು ಡಿ-ಬಸ್. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರೊಡನೆ ವ್ಯವಹರಿಸಲು ಇರುವ ಈ ವ್ಯವಸ್ಥೆಯಲ್ಲಿ, ಪಿಡ್ಜಿನ್ ಅಥವಾ ಫಿಂಚ್ ಓಡುತ್ತಿರುವವರೆಗೆ, ಲಿಬ್‌ಪರ್ಪಲ್ ತನ್ನ ಬಹುಪಾಲು ಫಂಕ್ಷನ್‌ಗಳನ್ನು ಹೊರಗಿನವರಿಗೂ ಒದಗಿಸುತ್ತದೆ. ಅವನ್ನು ಕರೆಯಲು ಪೈಥಾನ್‌ನಲ್ಲಿ ಬರೆದ ಪರ್ಪಲ್-ರಿಮೋಟ್ ಎಂಬ ಪುಟ್ಟ ಸ್ಕ್ರಿಪ್ಟ್ ಪಿಡ್ಜಿನ್ ಜೊತೆಗೇ ಬರುತ್ತದೆ. ಸ್ಟೇಟಸ್ ಬದಲಿಸಲು 'ಸೆಟ್‌ಸ್ಟೇಟಸ್' ಎಂದು ಬರೆದು, ಪ್ರಶ್ನಾರ್ಥಕ ಚಿಹ್ನೆಯ ನಂತರ 'ಸ್ಟೇಟಸ್=' ಎಂದು ಸ್ಥಿತಿಯನ್ನೂ, '&' ಚಿಹ್ನೆಯ ನಂತರ 'ಮೆಸೇಜ್=' ಎಂದು ಸಂದೇಶವನ್ನೂ ಕೊಡಬೇಕು.

ಹೊಸಬರು ಎಡವುವುದು ಇಲ್ಲಿಯೇ. ಇಡೀ ಸಾಲನ್ನು ಉದ್ಧರಣ ಚಿಹ್ನೆಗಳೊಳಗೆ ಇಡದಿದ್ದರೆ, ಟರ್ಮಿನಲ್‌ನಲ್ಲಿ ಆದೇಶಗಳನ್ನು ಓದಿ ನಡೆಸುವ ಬ್ಯಾಶ್ ಶೆಲ್ '&' ಬಳಿ ಸಾಲನ್ನು ಎರಡಾಗಿ ಕತ್ತರಿಸಿ, ಮೊದಲ ತುಂಡನ್ನು ಹಿನ್ನೆಲೆಯಲ್ಲಿ ಓಡಿಸುತ್ತದೆ, ಉಳಿದದ್ದನ್ನು ತನ್ನದೇ ಒಂದು ವೇರಿಯಬಲ್‌ನ ಬೆಲೆಯೆಂದು ಎತ್ತಿಡುತ್ತದೆ. ಸ್ಥಿತಿ ಬದಲಾಗುತ್ತದೆ, ಸಂದೇಶ ಮಾತ್ರ ತಲುಪುವುದಿಲ್ಲ. ಎರರ್ ಕೂಡ ಬಾರದ ಕಾರಣ ತಪ್ಪು ಎಲ್ಲಿದೆಯೆಂದು ಹುಡುಕುವುದು ತಲೆನೋವಿನ ಕೆಲಸ.

ಇನ್ನೂ ಆಳಕ್ಕೆ ಇಳಿಯುವವರಿಗೆ, ಲೈಬ್ರರಿಯ ಫಂಕ್ಷನ್‌ಗಳನ್ನು ಡಿ-ಬಸ್ ಮೂಲಕ ನೇರವಾಗಿ ಕರೆಯುವ ಪರ್ಪಲ್-ಸೆಂಡ್ ಎಂಬ ಸ್ಕ್ರಿಪ್ಟ್ ಇದೆ. ಸಿ ಭಾಷೆಯ ಲೈಬ್ರರಿಯೊಳಗೆ ಖಾತೆಯೊಂದನ್ನು ಗುರುತಿಸುವುದು ಮೆಮೊರಿಯ ವಿಳಾಸ; ಆ ವಿಳಾಸ ಬೇರೆ ಪ್ರೋಗ್ರಾಂಗೆ ಉಪಯೋಗಕ್ಕೆ ಬಾರದಾದ್ದರಿಂದ ಲಿಬ್‌ಪರ್ಪಲ್ ಪ್ರತಿ ಖಾತೆಗೂ ಪ್ರತಿ ಗೆಳೆಯರಿಗೂ ಒಂದು ಪೂರ್ಣಾಂಕ ಕೊಡುತ್ತದೆ. ಮೊದಲು ಸಕ್ರಿಯ ಖಾತೆಗಳ ಪಟ್ಟಿ ಕೇಳಿ, ಬಂದ ಸಂಖ್ಯೆಯನ್ನು ಮುಂದಿನ ಫಂಕ್ಷನ್‌ಗೆ ಒಪ್ಪಿಸುವುದು ಕ್ರಮ. ಪ್ರೋಗ್ರಾಂ ಮುಚ್ಚಿ ತೆರೆದರೆ ಅದೇ ಖಾತೆಗೆ ಅದೇ ಸಂಖ್ಯೆ ಸಿಗುವ ಖಾತ್ರಿಯಿಲ್ಲವಾದ್ದರಿಂದ, ಅದನ್ನು ಸ್ಕ್ರಿಪ್ಟ್‌ನಲ್ಲಿ ಬರೆದಿಡುವುದು ಜಾಣತನವಲ್ಲ. ಹಾಗೆಯೇ, ಟರ್ಮಿನಲ್‌ನಲ್ಲಿ ಸಲೀಸಾಗಿ ನಡೆದ ಸ್ಕ್ರಿಪ್ಟ್, ನಿಗದಿತ ಸಮಯಕ್ಕೆ ಕೆಲಸ ನಡೆಸುವ ಕ್ರಾನ್ ಮೂಲಕ ಓಡಿಸಿದಾಗ ಕೈಕೊಡುವುದುಂಟು. ಲಾಗಿನ್ ಸೆಷನ್‌ನ ಡಿ-ಬಸ್ ವಿಳಾಸ ಕ್ರಾನ್‌ಗೆ ಗೊತ್ತಿರುವುದಿಲ್ಲ.

ಇಷ್ಟು ಸುಲಭವಾಗಿ ತೆರೆದುಕೊಳ್ಳುವ ಬಾಗಿಲಿಗೆ ಬೀಗವೂ ಸಡಿಲ. ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ಸಾಮಾನ್ಯವಾಗಿ ಇದೇ ದಾರಿಯಲ್ಲಿ ನಿಮ್ಮ ಪರವಾಗಿ ಸಂದೇಶ ಕಳಿಸಬಲ್ಲದು. ಖಾತೆಗಳ ಫೈಲ್‌ನಲ್ಲಿ ಪಾಸ್‌ವರ್ಡ್ ಉಳಿಸಿದ್ದರೆ ಅದು ಇದ್ದಂತೆಯೇ, ಗೂಢಲಿಪಿಯಿಲ್ಲದೆ ಇರುತ್ತದೆ. ಬೀಗದ ಕೈಯನ್ನೂ ಪಕ್ಕದಲ್ಲಿಯೇ ಇಡಬೇಕಾದಲ್ಲಿ ಗೂಢಲಿಪಿಯಿಂದ ಸುಳ್ಳು ಧೈರ್ಯವಷ್ಟೇ ಎಂಬುದು ಅಭಿವೃದ್ಧಿಪಡಿಸಿದವರ ವಾದ; ಈ ವಾದ ನನಗೆ ಸರಿಯೆನಿಸುತ್ತದೆ, ಪಾಸ್‌ವರ್ಡ್ ಉಳಿಸದಿರುವುದು ಇನ್ನೂ ಸರಿ.

ಖಾತೆಗಳ ಫೈಲ್‌ನಂಥ ಸಂರಚನಾ ಫೈಲ್‌ಗಳು ಸಾದಾ ಎಕ್ಸ್‌ಎಂಎಲ್ ಆಗಿರುವುದರಿಂದ ಯಾವುದೇ ಎಡಿಟರ್‌ನಲ್ಲಿ ತಿದ್ದಬಹುದು. ಆದರೆ ಪ್ರೋಗ್ರಾಂ ಓಡುತ್ತಿರುವಾಗ ತಿದ್ದಿದರೆ, ಲೈಬ್ರರಿ ಮುಂದಿನ ಬಾರಿ ಉಳಿಸುವಾಗ ತನ್ನ ನೆನಪಿನಲ್ಲಿರುವುದನ್ನೇ ಮೇಲೆ ಬರೆದು ನಿಮ್ಮ ತಿದ್ದುಪಡಿಯನ್ನು ಅಳಿಸಿಬಿಡುತ್ತದೆ. ಮೊದಲು ಪರ್ಪಲ್-ರಿಮೋಟ್‌ಗೆ 'ಕ್ವಿಟ್' ಆದೇಶ ಕೊಟ್ಟು, ಆಮೇಲೆ ಫೈಲ್ ತೆರೆಯಬೇಕು. ಪ್ರಯೋಗ ಮಾಡುವವರು ಪಿಡ್ಜಿನ್ ಅಥವಾ ಫಿಂಚ್ ಅನ್ನು '-ಸಿ' ಆಯ್ಕೆಯೊಡನೆ ಖಾಲಿ ಫೋಲ್ಡರ್ ಒಂದರ ಮೇಲೆ ಆರಂಭಿಸಿದರೆ, ನಿಜವಾದ ಖಾತೆಗಳಿಗೆ ಏನೂ ಆಗುವುದಿಲ್ಲ.