ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಗೇರ್ ಬೀಳದಿದ್ದರೆ ಮೊದಲು ಕ್ಲಚ್ ನೋಡಿ

ಟೂ ವೀಲರ್ ಮೆಕ್ಯಾನಿಕ್ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ನಮ್ಮ ಮಂಡ್ಯ ಕಡೆ ಇಂಥ ಗಾಡಿಗಳಿಗೆ ಬರವಿಲ್ಲ. ಮಗ ಬೆಂಗಳೂರಲ್ಲಿ ಕೆಲಸದಲ್ಲಿರುತ್ತಾನೆ, ಬೈಕು ಕೊಟ್ಟಿಗೆ ಪಕ್ಕ ನಿಂತಿರುತ್ತದೆ. ಹಬ್ಬಕ್ಕೆ ಬಂದವನು ಕಿಕ್ ಹೊಡೆದರೆ ಸ್ಟಾರ್ಟ್ ಏನೋ ಆಗುತ್ತದೆ. ಆಮೇಲೆ "ಗೇರೇ ಬೀಳ್ತಿಲ್ಲ ಕಣಣ್ಣ" ಅಂತ ತಳ್ಳಿಕೊಂಡು ಬರುತ್ತಾನೆ. ಆಗ ನಮ್ಮ ಕೈ ಸೀದಾ ಗೇರ್ ಬಾಕ್ಸ್ ಕಡೆ ಹೋಗಬಾರದು. ಸುಮ್ನೆ ನಿಂತ ಗಾಡಿಯಲ್ಲಿ ಗೇರ್ ಸವೆಯುವುದಿಲ್ಲ. ಕೆಡುವುದು ಕ್ಲಚ್ ಕೇಬಲ್, ಕ್ಲಚ್ ಪ್ಲೇಟ್, ಆಯಿಲ್, ಗೇರ್ ಲಿವರ್‌ನ ಬುಡ. ಇಷ್ಟನ್ನು ನೋಡುವ ಮುಂಚೆ ಎಂಜಿನ್ ಬಿಚ್ಚಿದರೆ ಗಿರಾಕಿಯ ದುಡ್ಡೂ ದಂಡ, ನಮ್ಮ ದಿನವೂ ದಂಡ.

ಎಂಜಿನ್ ಆಫ್ ಮಾಡಿ ಒಂದು ಪರೀಕ್ಷೆ

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ಎಂಜಿನ್ ಆಫ್ ಇರಲಿ. ಒಂದು ಕೈಯಲ್ಲಿ ಹಿಂದಿನ ಚಕ್ರವನ್ನು ನಿಧಾನ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಗೇರ್ ಲಿವರ್ ಒತ್ತಿ ಒಂದೊಂದೇ ಗೇರ್ ಹಾಕುತ್ತಾ ಹೋಗಿ. ಎಲ್ಲ ಗೇರೂ ಬಿದ್ದು, ಎಂಜಿನ್ ಆನ್ ಆದಾಗ ಮಾತ್ರ ತೊಂದರೆ ಇದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಲಿವರ್ ಹಿಡಿದರೂ ಅದು ಎಂಜಿನ್ನನ್ನು ಗೇರ್ ಬಾಕ್ಸ್‌ನಿಂದ ಬೇರ್ಪಡಿಸುತ್ತಿಲ್ಲ ಎಂದರ್ಥ. ಎಂಜಿನ್ ಆಫ್ ಇದ್ದಾಗಲೂ ಬೀಳದಿದ್ದರೆ ಲಿವರ್, ಶಾಫ್ಟ್ ಅಥವಾ ಒಳಗಿನ ಗೇರ್ ಡ್ರಮ್ (ಗೇರ್ ಬದಲಿಸುವ ಉರುಳೆ) ಕಡೆ ಗಮನ ಹೋಗಬೇಕು. ಅರ್ಧ ಡಯಾಗ್ನೋಸಿಸ್ ಇಲ್ಲೇ ಮುಗಿಯಿತು.

ಚಕ್ರ ಯಾಕೆ ತಿರುಗಿಸಬೇಕು? ಬೈಕಿನಲ್ಲಿ ಗೇರ್ ಜೋಡಿಗಳೆಲ್ಲ ಯಾವಾಗಲೂ ಒಂದನ್ನೊಂದು ಕಚ್ಚಿಕೊಂಡೇ ಇರುತ್ತವೆ. ಕಾಲಲ್ಲಿ ಒತ್ತಿದಾಗ ಡ್ರಮ್ ತಿರುಗುತ್ತದೆ, ಗೇರನ್ನು ಹಿಡಿದಿರುವ ಕವಲು, ಅಂದರೆ ಫೋರ್ಕ್, ಒಂದು ಗೇರನ್ನು ಪಕ್ಕಕ್ಕೆ ಸರಿಸುತ್ತದೆ, ಆ ಗೇರಿನ ಮೈಮೇಲೆ ಉಬ್ಬಿರುವ ಹಲ್ಲುಗಳು, ಅಂದರೆ ಡಾಗ್‌ಗಳು, ಪಕ್ಕದ ಗೇರಿನ ಸಂದಿಯಲ್ಲಿ ಹೋಗಿ ಕೂರುತ್ತವೆ. ಡಾಗ್ ಸಂದಿಗೆ ಸರಿಯಾಗಿ ಬರದೆ ಎದುರಿನ ಡಾಗ್‌ಗೇ ತಾಗಿ ನಿಂತರೆ ಎಷ್ಟು ಒತ್ತಿದರೂ ಗೇರ್ ಬೀಳುವುದಿಲ್ಲ. ಕಾರಿನಲ್ಲಿರುವ ಹಾಗೆ, ಗೇರುಗಳ ವೇಗ ಹೊಂದಿಸಿ ಕೂರಿಸುವ ಸಿಂಕ್ರೊಮೆಶ್ ಇಲ್ಲಿಲ್ಲ. ಹಾಗಾಗಿ ಚಕ್ರ ತಿರುಗದೆ ನಿಂತಿರುವ ಬೈಕಿನಲ್ಲಿ ಎರಡನೇ ಗೇರ್ ಬೀಳಲಿಲ್ಲ ಅಂದರೆ ಅದು ರಿಪೇರಿ ಕೇಸೇ ಅಲ್ಲ. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಅಲ್ಲಾಡಿಸಿದರೆ ಬೀಳುತ್ತದೆ. ಬೀಳಲಿಲ್ಲವೆಂದು ಲಿವರನ್ನು ಒದೆಯಬೇಡಿ. ಫೋರ್ಕ್ ಬಾಗುವುದು ಹಾಗೆಯೇ.

ಪ್ಲೇಟ್ ಅಂಟಿಕೊಂಡಾಗ

ನಮ್ಮಲ್ಲಿ ಓಡಾಡುವ ಹೆಚ್ಚಿನ ಬೈಕುಗಳ ಕ್ಲಚ್ ಆಯಿಲ್‌ನಲ್ಲಿ ಮುಳುಗಿಯೇ ಕೆಲಸ ಮಾಡುತ್ತದೆ. ಒಂದು ಫ್ರಿಕ್ಷನ್ ಪ್ಲೇಟ್, ಒಂದು ಸ್ಟೀಲ್ ಪ್ಲೇಟ್, ಮತ್ತೆ ಫ್ರಿಕ್ಷನ್ ಪ್ಲೇಟ್, ಹೀಗೆ ಅಡುಕು. ಸ್ಪ್ರಿಂಗ್‌ಗಳು ಇಡೀ ಅಡುಕನ್ನು ಹಗಲೂ ರಾತ್ರಿ ಒತ್ತುತ್ತಿರುತ್ತವೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನಡುವಿನ ಆಯಿಲ್ ಹೊರಗೆ ಹಿಂಡಿಹೋಗಿ ಪ್ಲೇಟುಗಳು ಹಿಡಿದುಕೊಳ್ಳುತ್ತವೆ, ತೊಳೆದು ಒದ್ದೆಯಲ್ಲೇ ಒಂದರೊಳಗೊಂದು ಇಟ್ಟ ಸ್ಟೀಲ್ ಲೋಟಗಳ ಹಾಗೆ. ಕ್ಲಚ್ ಹಿಡಿದರೂ ಅವು ಬಿಡುವುದಿಲ್ಲ. ಮೊದಲ ಗೇರ್ ಹಾಕಿದ ಕೂಡಲೇ ಗಾಡಿ ಎಗರಿ ಆಫ್ ಆಗುತ್ತದೆ. ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಎಂಜಿನ್ ಆಫ್ ಮಾಡಿ, ಗೇರಲ್ಲಿ ಹಾಕಿ, ಕ್ಲಚ್ ಪೂರ್ತಿ ಹಿಡಿದು ಗಾಡಿ ತಳ್ಳಿ. ತಣ್ಣಗಿರುವ ಆಯಿಲ್ ಮಂದವಾಗಿರುವುದರಿಂದ ಸ್ವಲ್ಪ ಎಳೆತ ಇದ್ದೇ ಇರುತ್ತದೆ. ಆದರೆ ಕ್ಲಚ್ ಹಿಡಿದರೂ ಬಿಟ್ಟರೂ ಒಂದೇ ಥರ ಬಿಗಿ ಇದ್ದರೆ ಅಂಟಿಕೊಂಡಿದೆ, ಇಲ್ಲವೇ ಕೇಬಲ್ ಎಳೆಯುತ್ತಿಲ್ಲ.

ಬಿಡಿಸುವ ದಾರಿ: ನ್ಯೂಟ್ರಲ್‌ನಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಿ. ಆಫ್ ಮಾಡಿ, ಮೂರನೇ ಅಥವಾ ನಾಲ್ಕನೇ ಗೇರ್ ಹಾಕಿ, ಕ್ಲಚ್ ಹಿಡಿದು ಗಾಡಿಯನ್ನು ಜೋರಾಗಿ ಹಿಂದೆ ಮುಂದೆ ಎಳೆದಾಡಿ. ಬಿಡುವ ಕ್ಷಣ ಕೈಗೆ ತಿಳಿಯುತ್ತದೆ, ಗಾಡಿ ಒಮ್ಮೆಲೇ ಹಗುರವಾಗುತ್ತದೆ. ಬಿಡದಿದ್ದರೆ ಹಳೇ ಟ್ಯೂಬಿನ ಪಟ್ಟಿಯಿಂದ ಕ್ಲಚ್ ಲಿವರನ್ನು ಹ್ಯಾಂಡಲ್‌ಗೆ ಕಟ್ಟಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ಪ್ರಯತ್ನಿಸಿ. ಕೆಲವರು ಗಾಡಿ ಓಡಿಸುತ್ತಲೇ ಕ್ಲಚ್ ಹಿಡಿದು ಆಕ್ಸಿಲರೇಟರ್ ಕೊಟ್ಟು ಬಿಡಿಸುತ್ತಾರೆ. ಕಲಿಯುವ ನಮಗೆ ಅದು ಬೇಡ. ಬಿಡದೆ ಹೋದರೆ ಗಾಡಿ ಕೈಮೀರಿ ಓಡುತ್ತದೆ. ಅದಕ್ಕಿಂತ ಕ್ಲಚ್ ಕವರ್ ಬಿಚ್ಚುವುದೇ ವಾಸಿ: ಪ್ಲೇಟ್ ಒಂದೊಂದಾಗಿ ಬಿಡಿಸಿ ಒರೆಸಿ, ಸ್ಟೀಲ್ ಪ್ಲೇಟ್‌ಗಳನ್ನು ಗಾಜಿನ ಮೇಲಿಟ್ಟು ಬಾಗಿದೆಯಾ ನೋಡಿ, ಫ್ರಿಕ್ಷನ್ ಪ್ಲೇಟ್‌ಗಳನ್ನು ಹೊಸ ಆಯಿಲ್‌ನಲ್ಲಿ ನೆನೆಸಿ, ಹೊಸ ಪ್ಯಾಕಿಂಗ್ ಹಾಕಿ ಮುಚ್ಚಿ.

ಇದಕ್ಕೂ ಮೊದಲು ನೋಡಬೇಕಾದದ್ದು ಕೇಬಲ್. ಕ್ಲಚ್ ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಪ್ಲೇ, ಅಂದರೆ ಕೇಬಲ್ ಎಳೆಯಲು ಶುರುವಾಗುವ ಮುಂಚಿನ ಸಡಿಲ, ಇರಬೇಕು. ಆ ಗಾಡಿಯ ಕೈಪಿಡಿ ಹೇಳುವ ಲೆಕ್ಕವೇ ಕೊನೆಯ ಮಾತು. ಪ್ಲೇ ಜಾಸ್ತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಏನೂ ಇಲ್ಲದಿದ್ದರೆ ಜಾರುತ್ತದೆ. ಲಿವರ್ ಒಳಗೆ ಕೇಬಲ್‌ನ ಗುಂಡು ಕೂರುವ ಜಾಗವನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಒಂದೆರಡು ಎಳೆ ಕಿತ್ತು ಮುಳ್ಳಿನ ಹಾಗೆ ಎದ್ದಿದ್ದರೆ ಆಯಿಲ್ ಬಿಡುತ್ತಾ ಕೂರಬೇಡಿ, ಬದಲಾಯಿಸಿ. ಎಂಜಿನ್ ಬದಿಯ ಕ್ಲಚ್ ಆರ್ಮ್ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತಿದೆಯಾ ಅಂತಲೂ ನೋಡಿ. ಇದನ್ನು ನೋಡಲು ಮರೆಯುವವರೇ ಹೆಚ್ಚು.

ಆಯಿಲ್ ಮತ್ತು ಲಿವರ್

ಡಿಪ್ ಸ್ಟಿಕ್ ತೆಗೆದಾಗ ಆಯಿಲ್ ಹಾಲು ಬೆರೆಸಿದ ಬಣ್ಣದಲ್ಲಿದ್ದರೆ ನೀರು ಸೇರಿದೆ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಮನೆಗಳಲ್ಲಿ ಇದು ಜಾಸ್ತಿ. ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಒಳಗಿನ ತೇವ ಆವಿಯಾಗಿ ಹೋಗದೆ ಅಲ್ಲೇ ಉಳಿಯುತ್ತದೆ. ನ್ಯೂಟ್ರಲ್‌ನಲ್ಲಿ ಓಡಿಸಿದರೆ ಕ್ಲಚ್ ಪ್ಲೇಟ್ ಬಿಡಿಸುವ ಕೆಲಸವೂ ಆಗುವುದಿಲ್ಲ. ಹೊಸ ಆಯಿಲ್ ಹಾಕುವಾಗ ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಲಿ. ಇವು ಆಯಿಲ್‌ನಲ್ಲಿ ಮುಳುಗುವ ಒದ್ದೆ ಕ್ಲಚ್‌ಗೆ ಹೊಂದುವ ದರ್ಜೆಗಳು, ಜಾಸೋ ಮಾನದಂಡ 1998ರಲ್ಲಿ ಜಪಾನಿನಲ್ಲಿ ಬಂದದ್ದು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಗೇರ್ ಲಿವರ್ ಒತ್ತಿದ ಮೇಲೆ ತಾನಾಗಿ ವಾಪಸ್ ಬರದಿದ್ದರೆ ಮೊದಲು ಅದರ ಬುಡದ ಕೆಸರು ತೊಳೆಯಿರಿ. ಎಡಕ್ಕೆ ಬಿದ್ದ ಗಾಡಿಯಲ್ಲಿ ಲಿವರ್ ಬಾಗಿ ಎಂಜಿನ್‌ಗೋ ಫುಟ್‌ರೆಸ್ಟ್‌ಗೋ ತಾಗುತ್ತಿರುತ್ತದೆ. ಇವೆರಡೂ ಸರಿಯಿದ್ದರೆ ರಿಟರ್ನ್ ಸ್ಪ್ರಿಂಗ್ ಮುರಿದಿರಬಹುದು, ಆಗ ಕವರ್ ಬಿಚ್ಚಲೇಬೇಕು. ಓಡುವಾಗ ಗೇರ್ ತಾನೇ ಹಾರುವುದು ಡಾಗ್ ಸವೆದ, ಇಲ್ಲವೇ ಫೋರ್ಕ್ ಬಾಗಿದ ಲಕ್ಷಣ. ಅದು ನಿಂತಿದ್ದರಿಂದ ಬಂದದ್ದಲ್ಲ, ನಿಲ್ಲಿಸುವ ಮೊದಲೇ ಇದ್ದದ್ದು. ಯಜಮಾನರನ್ನು ಕೇಳಿದರೆ ಒಪ್ಪಿಕೊಳ್ಳುತ್ತಾರೆ.

ಮೈಸೂರಿನ ಜಾವಾ, ಯೆಜ್ಡಿ

ಈ ಎರಡೂ ಬೈಕುಗಳನ್ನು ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿನ ಗಾಡಿಗಳು ಮೈಸೂರಿನ ಮನೆಗಳಲ್ಲಿ ಇನ್ನೂ ಇವೆ. ಜುಲೈನ ಎರಡನೇ ಭಾನುವಾರ, ಜಾವಾ ದಿನಕ್ಕೆ, ಅಪರೂಪಕ್ಕೆ ಹೊರಬರುವವೂ ಉಂಟು. ಇವು ಟೂ ಸ್ಟ್ರೋಕ್. ಪೆಟ್ರೋಲ್ ಜೊತೆ ಬೆರೆಸುವ ಆಯಿಲ್ ಬೇರೆ, ಗೇರ್ ಬಾಕ್ಸ್ ಆಯಿಲ್ ಬೇರೆ. ಎರಡನೆಯದನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಇನ್ನೊಂದು ವಿಶೇಷ, ಗೇರ್ ಲಿವರೇ ಕಿಕ್ಕರ್. ಹಲವು ಮಾಡೆಲ್‌ಗಳಲ್ಲಿ ಗೇರ್ ಲಿವರ್ ಒತ್ತಿದರೇ ಕ್ಲಚ್ ಬಿಡುತ್ತದೆ, ಹ್ಯಾಂಡಲ್‌ನ ಕ್ಲಚ್ ಹಿಡಿಯಬೇಕೆಂದಿಲ್ಲ. ಅಂಥದ್ದರಲ್ಲಿ ಕ್ಲಚ್ ಅಡ್ಜಸ್ಟ್‌ಮೆಂಟ್ ಸ್ವಲ್ಪ ತಪ್ಪಿದರೂ ಪೂರಾ ಗೇರ್ ಬಾಕ್ಸೇ ಕೆಟ್ಟಂತೆ ಕಾಣುತ್ತದೆ.

ಟ್ರಯಲ್‌ಗೆ ಹೊರಟರೆ ಬೆಂಗಳೂರು-ಮೈಸೂರು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲೇ ಹೋಗಿ, 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕಿಗೆ ಪ್ರವೇಶವಿಲ್ಲ. ಚೋಕ್ ಆಫ್ ಇರಲಿ. ಐಡ್ಲಿಂಗ್ ಜೋರಿದ್ದರೆ ಒಳ್ಳೇ ಗಾಡಿಯೂ ಮೊದಲ ಗೇರಿಗೆ ದೊಡ್ಡದಾಗಿ ಟಕ್ ಅನ್ನುತ್ತದೆ. ವಾಪಸ್ ಬಂದು ಎಂಜಿನ್ ಬಿಸಿ ಇರುವಾಗಲೇ ಗಾಡಿ ನಿಲ್ಲಿಸಿ ನ್ಯೂಟ್ರಲ್ ಹುಡುಕಿ, ಕೇಬಲ್ ಪ್ಲೇ ಇನ್ನೊಮ್ಮೆ ಅಳೆಯಿರಿ. ತಣ್ಣಗಿದ್ದಾಗ ಸರಿಯಿದ್ದ ಪ್ಲೇ ಬಿಸಿಯಲ್ಲಿ ಬದಲಾಗಿರಬಹುದು.